ಶಿವಗಂಗಾ ಖಾಲಿ ಬಿಟ್ಟ ಮೂವತ್ತಾರು ಪ್ರಶ್ನೆಗಳು

ಶಿವಗಂಗಾಳನ್ನು ನಾನು ಮೊದಲು ಕಂಡದ್ದು ಸಾವಿರದ ಒಂಬೈನೂರ ಎಂಬತ್ತಾರರ ಜೂನ್ ತಿಂಗಳಲ್ಲಿ, ಶಾಲೆ ತೆರೆದ ಮರುದಿನ. ಹೈದರಾಬಾದಿನ ನಮ್ಮ ಕನ್ನಡ ಶಾಲೆಗೆ ಆಗ ಮಕ್ಕಳ ಕೊರತೆ ಇರಲಿಲ್ಲ. ಕೇಂದ್ರ ಸರಕಾರದ ಕಾರ್ಖಾನೆಗಳಿಗೆ ನೌಕರಿಗೆ ಬಂದ ಮೈಸೂರು ಕಡೆಯವರ ಮಕ್ಕಳೂ ಕಲ್ಲುಮಣ್ಣಿನ ಕೆಲಸಕ್ಕೆ ಬಂದ ನಮ್ಮ ಗುಲಬರ್ಗಾ, ರಾಯಚೂರು ಕಡೆಯವರ ಮಕ್ಕಳೂ ಒಂದೇ ಬೆಂಚಿನ ಮೇಲೆ ಕುಳಿತು ಎರಡು ಬಗೆಯ ಕನ್ನಡದಲ್ಲಿ ಜಗಳವಾಡುತ್ತಿದ್ದರು. ನಾನು ವಿಜ್ಞಾನ ಮತ್ತು ಗಣಿತದ ಮಾಸ್ತರ. ಹೊಸ ಮಕ್ಕಳನ್ನು ಪರೀಕ್ಷಿಸಿ ಯಾವ ತರಗತಿಗೆ ಸೇರಿಸಬೇಕೆಂದು ಹೇಳುವ ಕೆಲಸವೂ ನನ್ನದೇ ಆಗಿತ್ತು.

ಗುರುಮಿಟಕಲ್ಲಿನ ಅಮರಯ್ಯ ಎಂಬ ಗಾರೆ ಕೆಲಸದವನು ಒಂಬತ್ತು ವರ್ಷದ ಮಗಳನ್ನು ಕರೆದುಕೊಂಡು ಬಂದಿದ್ದ. ಅವನ ಕೈಗೆ ಸುಣ್ಣ ಮೆತ್ತಿತ್ತು. ಅರ್ಧ ದಿನದ ಕೆಲಸ ಬಿಟ್ಟು ಬಂದಿದ್ದನಾದ್ದರಿಂದ ಅವಸರದಲ್ಲಿದ್ದ. ನಾನು ನಾಲ್ಕನೆಯ ತರಗತಿಯ ಪುಸ್ತಕ ತೆರೆದು ಓದು ಎಂದೆ. ಹುಡುಗಿ ಸ್ಪಷ್ಟವಾಗಿ ಅರ್ಧ ಪುಟ ಓದಿ ಒಂದು ಕಡೆ ನಿಂತಳು. ಯಾಕೆ ನಿಂತೆ ಎಂದು ಕೇಳಿದೆ.

“ಈ ಅಕ್ಷರ ನನಗ ಗೊತ್ತಿಲ್ರಿ,” ಎಂದಳು.

ಅಮರಯ್ಯ ಅವಳ ಭುಜ ತಿವಿದು, “ಏನರೆ ಒಂದು ಅನ್ನವ್ವ. ಸರ್ ಕಾಯಾಕತ್ತಾರ,” ಎಂದ.

“ಗೊತ್ತಿಲ್ಲದ್ದು ಹೆಂಗ ಅನ್ಲಿ?” ಎಂದು ಅವಳು ಅಪ್ಪನನ್ನೇ ಕೇಳಿದಳು.

ನಾನು ಆ ಮಾತಿಗೆ ಅವಳ ಬೆನ್ನು ತಟ್ಟಿ ನಾಲ್ಕನೆಯ ತರಗತಿಗೇ ಸೇರಿಸಿಕೊಂಡೆ.

ನನ್ನ ತರಗತಿಯಲ್ಲಿ ಒಂದು ಪದ್ಧತಿ ಇತ್ತು. ತಿಂಗಳ ಪರೀಕ್ಷೆಯಲ್ಲಿ ಉತ್ತರ ತಿಳಿಯದವರು ಇಲ್ಲದ ಕಥೆ ಕಟ್ಟಿದರೆ ಸೊನ್ನೆ ಹಾಕುತ್ತಿದ್ದೆ. ‘ಗೊತ್ತಿಲ್ಲ’ ಎಂದು ಸ್ಪಷ್ಟವಾಗಿ ಬರೆದರೆ ಕಾಲು ಅಂಕ ಕೊಡುತ್ತಿದ್ದೆ. ಮುಖ್ಯೋಪಾಧ್ಯಾಯರಾದ ವೀರಭದ್ರಪ್ಪನವರು ಇದನ್ನು ಕುರಿತು ಸಿಬ್ಬಂದಿ ಕೋಣೆಯಲ್ಲಿ ನನ್ನನ್ನು ಕಾಡಿಸುತ್ತಿದ್ದರು. “ಶಾಂತಪ್ಪನವರ, ಹುಡುಗ ನಾಕು ಸಲ ಗೊತ್ತಿಲ್ಲ ಅಂದ್ರ ಒಂದು ಪ್ರಶ್ನೆ ಗೊತ್ತಿದ್ದಂಗ ಆತೇನ್ರಿ?” ಎನ್ನುತ್ತಿದ್ದರು. ನಾನೂ ನಗುತ್ತಿದ್ದೆ, ಆದರೆ ಪದ್ಧತಿಯನ್ನು ಬಿಡಲಿಲ್ಲ. ಸುಳ್ಳು ಬರೆಯದ ಮಕ್ಕಳನ್ನು ಬೆಳೆಸುತ್ತಿದ್ದೇನೆಂಬ ಹೆಮ್ಮೆ ನನಗಿತ್ತು. ಆ ಕಾಲು ಅಂಕಗಳನ್ನು ಸಂಕೋಚವಿಲ್ಲದೆ ಗಳಿಸಿದವರಲ್ಲಿ ಶಿವಗಂಗಾ ಮೊದಲನೆಯವಳು. ಉಳಿದ ಮುಕ್ಕಾಲನ್ನು ಮುಂದಿನ ತಿಂಗಳು ಓದಿಕೊಂಡು ಬಂದು ಗಳಿಸುತ್ತಿದ್ದಳು.

ಅವಳು ಹತ್ತನೆಯ ತರಗತಿಯನ್ನು ಒಳ್ಳೆಯ ಅಂಕಗಳಿಂದ ಮುಗಿಸಿ, ಸರಕಾರಿ ಕಾಲೇಜಿನಲ್ಲಿ ಜೀವಶಾಸ್ತ್ರ ತೆಗೆದುಕೊಂಡು ಇಂಟರ್ಮೀಡಿಯೆಟ್ ಓದಿದಳು. ಎರಡನೆಯ ವರ್ಷದ ಕೊನೆಯಲ್ಲಿ ಅಮರಯ್ಯ ಕಟ್ಟಡದ ಎರಡನೆಯ ಅಂತಸ್ತಿನಿಂದ ಬಿದ್ದು ಕಾಲು ಮುರಿದುಕೊಂಡ. ವೈದ್ಯಕೀಯದ ಪ್ರವೇಶ ಪರೀಕ್ಷೆಯಾದ ಎಂಸೆಟ್‌ಗೆ ಅರ್ಜಿ ಹಾಕುವ ದಿನಗಳು ಅಪ್ಪನ ಹಾಸಿಗೆಯ ಪಕ್ಕದಲ್ಲಿಯೇ ಕಳೆದುಹೋದವು. ನರ್ಸಿಂಗ್ ಶಾಲೆಯಲ್ಲಿ ಊಟ, ವಸತಿ ಎರಡೂ ಇದ್ದವು. ಅವಳು ಅಲ್ಲಿಗೆ ಸೇರಿದಳೆಂದು ಯಾರೋ ಹೇಳಿದ್ದು ನೆನಪು. ಆಮೇಲೆ ಐದು ವರ್ಷ ಅವಳ ಸುದ್ದಿ ನನಗೆ ತಿಳಿಯಲಿಲ್ಲ.

ನಾನು ನಿವೃತ್ತನಾದ ಮರುವರ್ಷ, ಎಂದರೆ ಎರಡು ಸಾವಿರದ ಇಸವಿಯ ಆಗಸ್ಟಿನಲ್ಲಿ, ನನ್ನ ಹೆಂಡತಿ ಗುಣವತಿಗೆ ಬೆಳಗ್ಗೆ ಪೂಜೆಯ ಹೊತ್ತಿಗೆ ಹೊಟ್ಟೆ ನೋವು ಹತ್ತಿತು. ಮಧ್ಯಾಹ್ನದ ಹೊತ್ತಿಗೆ ನೆಟ್ಟಗೆ ನಿಲ್ಲಲಾರದಾದಳು. ಆಟೋ ಹಿಡಿದು ಹಿಮಾಯತ್‌ನಗರದ ಒಂದು ಖಾಸಗಿ ಆಸ್ಪತ್ರೆಗೆ ಕರೆದೊಯ್ದೆ. ನಾನು ತೆಲುಗಿನಲ್ಲಿ ತೊದಲುತ್ತ ನಿಂತಿದ್ದಾಗ ಬಿಳಿ ಉಡುಪಿನ ನರ್ಸ್ ಒಬ್ಬಳು ಗಾಲಿಕುರ್ಚಿ ತಳ್ಳಿಕೊಂಡು ಬಂದು, “ಗುರ್ತು ಸಿಗಲಿಲ್ಲೇನ್ರಿ ಸರ್? ಶಿವಗಂಗಾ ರಿ, ಅಮರಯ್ಯನ ಮಗಳು,” ಎಂದಳು. ಆ ಗದ್ದಲದ ನಡುವೆ ಆ ಕನ್ನಡ ಕೇಳಿ ನಾನು ತೆಲುಗು ಬಿಟ್ಟು ಗುಣವತಿಯ ನೋವನ್ನೆಲ್ಲ ಅವಳಿಗೆ ಹೇಳತೊಡಗಿದೆ.

ಶಸ್ತ್ರವೈದ್ಯೆ ಡಾಕ್ಟರ್ ಅಹಲ್ಯಾ ಪರೀಕ್ಷಿಸಿದರು. ಸ್ಕ್ಯಾನಿಂಗಿನಲ್ಲಿ ಏನೂ ಸ್ಪಷ್ಟವಾಗಿ ಕಾಣಲಿಲ್ಲ. ಎರಡು ರೋಗಗಳಲ್ಲಿ ಒಂದಿರಬಹುದು, ಯಾವುದೆಂದು ಹೊಟ್ಟೆ ತೆರೆಯದೆ ಹೇಳಲಾಗದು, ಕಾಯುವುದು ಕ್ಷೇಮವಲ್ಲ ಎಂದು ಅವರು ನನಗೆ ತಿಳಿಸಿದರು. ತೆರೆದು ನೋಡಿದರೆ ಅಪೆಂಡಿಕ್ಸ್ ಇನ್ನೇನು ಒಡೆಯುವುದರಲ್ಲಿತ್ತು. ಗುಣವತಿ ಉಳಿದಳು.

ಎಂಟು ದಿನ ನಾವು ಆ ವಾರ್ಡಿನಲ್ಲಿದ್ದೆವು. ಎರಡನೆಯ ದಿನವೇ ಶಿವಗಂಗಾ ಗುಣವತಿಯನ್ನು ಎಬ್ಬಿಸಿ ಕಿಟಕಿಯ ತನಕ ನಡೆಸಿದಳು. ಗುಣವತಿ ನೋವಿನಲ್ಲಿ ಬೈದರೆ, ಬೈಗುಳಕ್ಕೆ ಉಸಿರು ಇದ್ದರೆ ನಡೆಯಲಿಕ್ಕೂ ಇದೆ ಎನ್ನುತ್ತಿದ್ದಳು. ಒಂದು ಮಧ್ಯಾಹ್ನದ ಸಂಗತಿ ನನ್ನ ಮನಸ್ಸಿನಲ್ಲಿ ಉಳಿದಿದೆ. ಮಂಚದ ಕಾಲಿಗೆ ತೂಗುಹಾಕಿದ ಹಾಳೆಯಲ್ಲಿ ನಾಲ್ಕು ತಾಸಿಗೊಮ್ಮೆ ಜ್ವರ ನೋಡಿ ಬರೆಯಬೇಕು. ಎರಡು ಗಂಟೆಗೆ ಗುಣವತಿಯನ್ನು ಎಕ್ಸ್‌ರೇಗೆ ಒಯ್ದಿದ್ದರಿಂದ ಆ ಹೊತ್ತಿನ ಚೌಕ ಖಾಲಿ ಉಳಿದಿತ್ತು. ಹೊಸದಾಗಿ ಬಂದ ನರ್ಸ್ ಹಿಂದಿನ ಅಂಕಿಯನ್ನೇ ತುಂಬಲು ಹೋದಳು. ಶಿವಗಂಗಾ ಅವಳ ಕೈಯಿಂದ ಪೆನ್ನು ತೆಗೆದುಕೊಂಡು, ನೋಡದಿದ್ದನ್ನು ನೋಡಿದೆವೆಂದು ಬರೆಯಬಾರದು, ಡಾಕ್ಟರು ಆ ಅಂಕಿಯನ್ನು ನಂಬಿ ಔಷಧ ಬರೆಯುತ್ತಾರೆ ಎಂದು ಮೆಲ್ಲಗೆ ಹೇಳಿದಳು. ಮಾಸ್ತರಿಕೆಯಲ್ಲಿ ಅಂಥ ತೃಪ್ತಿ ನನಗೆ ಹೆಚ್ಚು ಸಲ ಸಿಕ್ಕಿಲ್ಲ.

ಹೊಲಿಗೆ ಬಿಚ್ಚಿದ ಮೇಲೂ ಅವಳು ಗಾಯ ನೋಡಲು ಮನೆಗೆ ಬರತೊಡಗಿದಳು. ಹಾಗೆ ಬಂದ ಒಂದು ದಿನ ಗುಣವತಿ ಕೊಟ್ಟ ಅವಲಕ್ಕಿ ತಿನ್ನುತ್ತ ಒಂದು ವಿಷಯ ಹೇಳಿದಳು. ಸೇಡಂ ಕಡೆಯ ಗುಂಡಮ್ಮ ಎಂಬ ಕೂಲಿ ಹೆಂಗಸು ಎದೆ ಉರಿ ಎಂದು ಆಸ್ಪತ್ರೆಗೆ ಬಂದಿದ್ದಳು. ಅವಳಿಗೆ ಕನ್ನಡ ಬಿಟ್ಟು ಬೇರೆ ಭಾಷೆ ಬಾರದು. ಡಾಕ್ಟರ್ ಅಹಲ್ಯಾ ಕೇಳಿದ್ದನ್ನು ಶಿವಗಂಗಾ ಕನ್ನಡದಲ್ಲಿ ಕೇಳಿದಳು. ಉತ್ತರ ಕೇಳಿ ಸಂಶಯ ಬಂದು, ತಾನಾಗಿಯೇ ಇನ್ನೂ ನಾಲ್ಕು ಪ್ರಶ್ನೆ ಕೇಳಿದಳು. ಮೆಟ್ಟಿಲು ಹತ್ತಿದಾಗ ಉರಿ ಹೆಚ್ಚುವುದೆಂದೂ ಎಡಗೈಗೆ ಇಳಿಯುವುದೆಂದೂ ತಿಳಿಯಿತು. ಹೊಟ್ಟೆಯ ಉರಿ ಎಂದುಕೊಂಡದ್ದು ಹೃದಯದ ನೋವಾಗಿತ್ತು. ಗುಂಡಮ್ಮನನ್ನು ದೊಡ್ಡ ಆಸ್ಪತ್ರೆಗೆ ಕಳಿಸಿದ ಮೇಲೆ ಡಾಕ್ಟರು ಶಿವಗಂಗಾಳನ್ನು ಕರೆದು, ಆ ನಾಲ್ಕು ಪ್ರಶ್ನೆಗಳನ್ನು ನಾನು ಕೇಳಬೇಕಾಗಿತ್ತು, ನೀನು ಇನ್ನೆಷ್ಟು ದಿನ ಮೇಜಿನ ಆ ಕಡೆ ನಿಂತಿರುತ್ತೀ ಎಂದರಂತೆ.

“ಆ ಮಾತು ತಲ್ಯಾಗಿಂದ ಹೋಗವಲ್ದು ಸರ್. ನನಗ ಈ ಕೆಲಸ ಬ್ಯಾಸರ ಇಲ್ರಿ. ಆದ್ರ ಕೇಳೂದು ನಾ ಕೇಳ್ತೀನಿ, ಏನು ಮಾಡಬೇಕಂತ ಹೇಳೂದು ಮತ್ತೊಬ್ಬರು. ಈ ವಯಸ್ಸಿಗೆ ಎಂಸೆಟ್ ಬರದ್ರ ಮಂದಿ ನಗ್ತಾರೇನ್ರಿ?”

ಅವಳಿಗಾಗ ಇಪ್ಪತ್ತಮೂರು. ನಗುವವರು ನಗಲಿ, ಭೌತಶಾಸ್ತ್ರ ನಾನು ಹೇಳಿಕೊಡುತ್ತೇನೆ ಎಂದುಬಿಟ್ಟೆ. ಗುಣವತಿಯನ್ನು ಎಬ್ಬಿಸಿ ನಡೆಸಿದವಳಿಗೆ ನಾನು ಕೊಡಬಹುದಾಗಿದ್ದದ್ದು ಅದೊಂದೇ.

ನಗುವವರೂ ಇದ್ದರು. ಆ ವರ್ಷಗಳಲ್ಲಿ ಊರಿಗೆ ಊರೇ ಎಲ್ಲಿಗೋ ಹೊರಟು ನಿಂತಿತ್ತು. ಅಮೀರ್‌ಪೇಟೆಯ ಗೋಡೆಗಳ ಮೇಲೆ ಕಂಪ್ಯೂಟರ್ ತರಬೇತಿಯ ಫಲಕಗಳು ಒಂದರ ಮೇಲೊಂದು ಏರಿದ್ದವು. ಶಿವಗಂಗಾಳ ಜೊತೆಯ ನರ್ಸುಗಳು ಐರ್ಲೆಂಡಿಗೋ ಕೊಲ್ಲಿ ದೇಶಗಳಿಗೋ ಹೋಗಲು ಕಾಗದಪತ್ರ ಮಾಡಿಸುತ್ತಿದ್ದರು. ಅಂಥದರಲ್ಲಿ ಇವಳು ಹದಿನೇಳರ ಮಕ್ಕಳ ಜೊತೆ ಪರೀಕ್ಷೆಗೆ ಕೂರುತ್ತಾಳೆಂದರೆ ಯಾರಿಗೂ ಅರ್ಥವಾಗಲಿಲ್ಲ. ಡಾಕ್ಟರಮ್ಮ ಬಂದರು, ಕುರ್ಚಿ ಕೊಡಿ ಎಂದು ನರ್ಸುಗಳ ಮುಖ್ಯಸ್ಥೆಯಾದ ಮೇಟ್ರನ್ ವಾರ್ಡಿನಲ್ಲಿ ಎಲ್ಲರೆದುರು ಅಣಕಿಸುತ್ತಿದ್ದರಂತೆ. ಆದರೆ ಅದೇ ಮೇಟ್ರನ್ ಯಾರಿಗೂ ಹೇಳದೆ ಶಿವಗಂಗಾಳಿಗೆ ಬೆಳಗಿನ ಪಾಳಿಯನ್ನೇ ಹಾಕುತ್ತ ಹೋದರು. ಆ ಉಪಕಾರವನ್ನು ಇಲ್ಲಿ ಬರೆಯದಿದ್ದರೆ ತಪ್ಪಾದೀತು.

ಎರಡು ಗಂಟೆಗೆ ಪಾಳಿ ಮುಗಿಸಿ, ನಾಲ್ಕೂವರೆಗೆ ಅವಳು ನಮ್ಮ ಮನೆಗೆ ಬರುತ್ತಿದ್ದಳು. ನಾನು ಕಲಿಸಿದ್ದು ಹತ್ತನೆಯ ತರಗತಿಯವರೆಗೆ ಮಾತ್ರ. ಕೋಠಿಯ ಹಳೆಯ ಪುಸ್ತಕದ ಅಂಗಡಿಗಳನ್ನು ಸುತ್ತಿ ಇಂಟರ್ಮೀಡಿಯೆಟ್ ಭೌತಶಾಸ್ತ್ರದ ಎರಡು ಸಂಪುಟ ತಂದೆ. ಸಂಜೆ ಹೇಳಿಕೊಡಬೇಕಾದುದನ್ನು ಬೆಳಗ್ಗೆ ನಾನೇ ಓದಿ ಕಲಿಯುತ್ತಿದ್ದೆ. ಮನುಷ್ಯ ದೇಹದ ಪಾಠಗಳು ಅವಳಿಗೆ ನೀರು ಕುಡಿದಷ್ಟು ಸುಲಭ. ಜಿರಳೆ, ಎರೆಹುಳುಗಳ ಅಂಗರಚನೆ ಬಂದರೆ ಮಾತ್ರ, “ಇವು ನಮ್ಮ ವಾರ್ಡಿಗೆ ಎಂದೂ ಬಂದಿಲ್ರಿ ಸರ್,” ಎಂದು ತಲೆಯ ಮೇಲೆ ಕೈ ಇಟ್ಟುಕೊಳ್ಳುತ್ತಿದ್ದಳು.

ಎರಡು ಸಾವಿರದ ಒಂದರ ಮೇ ತಿಂಗಳಲ್ಲಿ ಪರೀಕ್ಷೆ ಬರೆದಳು. ಚೆನ್ನಾಗಿ ಆಯಿತೆಂದೇ ಹೇಳಿದಳು. ಆದರೆ ಸೀಟು ಸಿಗಲಿಲ್ಲ. ಕೊನೆಯ ಸೀಟು ಪಡೆದವನಿಗೂ ಅವಳಿಗೂ ಆರು ಅಂಕಗಳ ಅಂತರ ಇತ್ತು.

ಪತ್ರಿಕೆಯಲ್ಲಿ ಬಂದಿದ್ದ ಉತ್ತರಗಳನ್ನು ಎದುರಿಗಿಟ್ಟುಕೊಂಡು ಒಂದು ಭಾನುವಾರ ನಾವಿಬ್ಬರೂ ಪ್ರಶ್ನೆಪತ್ರಿಕೆಯನ್ನು ಮತ್ತೊಮ್ಮೆ ನೋಡಿದೆವು. ಆ ಪರೀಕ್ಷೆಯಲ್ಲಿ ಇನ್ನೂರು ಪ್ರಶ್ನೆ. ಪ್ರತಿಯೊಂದಕ್ಕೂ ನಾಲ್ಕು ಉತ್ತರ ಕೊಟ್ಟಿರುತ್ತಾರೆ; ಸರಿಯಾದುದರ ವೃತ್ತವನ್ನು ಪೆನ್ಸಿಲಿನಿಂದ ತುಂಬಬೇಕು. ತಪ್ಪು ತುಂಬಿದರೆ ಅಂಕ ಕಳೆಯುವುದಿಲ್ಲ. ಶಿವಗಂಗಾ ಗುರುತು ಹಾಕಿದವುಗಳಲ್ಲಿ ಹೆಚ್ಚಿನವು ಸರಿಯಾಗಿದ್ದವು. ಆದರೆ ನಡುನಡುವೆ ಕೆಲವು ಪ್ರಶ್ನೆಗಳಿಗೆ ಅವಳು ಸಣ್ಣ ಅಡ್ಡಗೆರೆ ಎಳೆದಿದ್ದಳು. ಅವು ಏನೆಂದು ಕೇಳಿದೆ.

“ಬಿಟ್ಟಿದ್ದು ರಿ. ಮೂವತ್ತಾರು.”

“ವೇಳೆ ಸಾಲಲಿಲ್ಲೇನು?”

“ವೇಳೆ ಇತ್ರಿ. ಅರ್ಧಾ ತಾಸು ಸುಮ್ನ ಕುಂತಿದ್ದೆ. ಅವು ನನಗ ಗೊತ್ತಿರಲಿಲ್ಲ.”

ನಾನು ಹಾಳೆಯ ಅಂಚಿನಲ್ಲಿ ಲೆಕ್ಕ ಹಾಕಿದೆ. ಕಣ್ಣು ಮುಚ್ಚಿ ತುಂಬಿದ್ದರೂ ನಾಲ್ಕರಲ್ಲಿ ಒಂದರಂತೆ ಮೂವತ್ತಾರಕ್ಕೆ ಒಂಬತ್ತು ಅಂಕ ಬರುವ ಸಂಭವ ಇತ್ತು. ಬೇಕಾಗಿದ್ದದ್ದು ಆರು. ಹದಿನೈದು ವರ್ಷಗಳ ಹಿಂದೆ ಗೊತ್ತಿಲ್ಲವೆಂದು ಬರೆದವರಿಗೆ ನಾನು ಕೊಡುತ್ತಿದ್ದ ಕಾಲು ಅಂಕವನ್ನು ಈ ಪರೀಕ್ಷೆಯವರು ಖಾಲಿ ಬಿಡದವರಿಗೆ ಕೊಡುತ್ತಿದ್ದರು. ಅವಳ ಸೀಟನ್ನು ತಪ್ಪಿಸಿದವನು ನಾನೇ ಎಂದು ನನಗೆ ಅನಿಸಿತು. ಸಂಜೆ ಮಗಳನ್ನು ಕರೆದೊಯ್ಯಲು ಬಂದ ಅಮರಯ್ಯನಿಗೂ ವಿಷಯ ತಿಳಿಯಿತು. ಅವನು ಕುಂಟುಗಾಲನ್ನು ಮುಂದೆ ಚಾಚಿಕೊಂಡು ಹೊಸ್ತಿಲ ಮೇಲೆ ಕುಳಿತು, “ಏನರೆ ಒಂದು ಅನ್ನವ್ವ ಅಂತ ನಾ ಅವತ್ತೇ ಹೇಳಿದ್ದೆ ಸರ್. ನೀವು ಆಕೀನ್ನ ಹೊಗಳಿ ಕೆಡಿಸಿದ್ರಿ,” ಎಂದ. ಮಾತಿನಲ್ಲಿ ಸಿಟ್ಟಿರಲಿಲ್ಲ. ಆದರೂ ನನಗೆ ಚುಚ್ಚಿತು.

ಇನ್ನೊಂದು ವರ್ಷ ಮಾತ್ರ ಎಂದು ಅವಳ ಮನೆಯಲ್ಲಿ ನಿರ್ಧಾರವಾಯಿತು. ಮುಂದಿನ ಬೇಸಿಗೆಯಲ್ಲೂ ಆಗದಿದ್ದರೆ ಅಮರಯ್ಯ ನೋಡಿದ ಸಂಬಂಧಕ್ಕೆ ಒಪ್ಪಿ, ನರ್ಸ್ ಕೆಲಸದಲ್ಲಿಯೇ ಮುಂದುವರಿಯುವುದು. ಆ ವರ್ಷ ಐರ್ಲೆಂಡಿಗೆ ಹೊರಟ ಗುಂಪಿನಲ್ಲಿ ಅವಳ ಹೆಸರೂ ಇತ್ತು, ಅವಳೇ ತೆಗೆಸಿದಳು. ಹೀಗೆ ಎಲ್ಲವೂ ಒಂದೇ ಪರೀಕ್ಷೆಯ ಮೇಲೆ ಬಂದು ನಿಂತಿತು.

ಏಪ್ರಿಲ್ ಹೊತ್ತಿಗೆ ಅವಳ ಓದು ಗಟ್ಟಿಯಾಗಿತ್ತು. ಆದರೂ ನಾನು ಮನೆಯಲ್ಲಿ ಕೊಟ್ಟ ಮಾದರಿ ಪರೀಕ್ಷೆಯಲ್ಲಿ ಇಪ್ಪತ್ತೆರಡು ಪ್ರಶ್ನೆಗಳನ್ನು ಖಾಲಿ ಬಿಟ್ಟಳು. ನಾನು ನಯವಾಗಿ ಹೇಳಿದೆ, ಲೆಕ್ಕ ಮಾಡಿ ತೋರಿಸಿದೆ, ಮಕ್ಕಳಿಗೆ ನಾನು ಹೇಳಿಕೊಟ್ಟ ಪದ್ಧತಿ ಇಲ್ಲಿಗೆ ಸಲ್ಲದೆಂದು ಒಪ್ಪಿಕೊಂಡೆ. ಅವಳು ತಲೆ ತಗ್ಗಿಸಿ ಕೇಳಿದಳು. ಕೊನೆಗೆ, “ಗೊತ್ತಿಲ್ಲದ್ದಕ್ಕ ಗುರ್ತು ಹಾಕಾಕ ಕೈ ಏಳವಲ್ದು ಸರ್. ವಾರ್ಡಿನ್ಯಾಗ ಹಂಗ ಮಾಡಿದ್ರ ಮಂದಿ ಸಾಯ್ತಾರ. ಕಾಗದದ ಮ್ಯಾಲ ಒಂದು, ವಾರ್ಡಿನ್ಯಾಗ ಒಂದು ಮಾಡಾಕ ನನಗ ಬರೂದಿಲ್ರಿ,” ಎಂದಳು.

ಅದನ್ನು ಅವಳಿಗೆ ಕಲಿಸಿದವನೇ ನಾನು. ಮೆಂತ್ಯದ ಸೊಪ್ಪು ಬಿಡಿಸುತ್ತ ಕುಳಿತಿದ್ದ ಗುಣವತಿ ತಲೆಯೆತ್ತಿದಳು.

“ಅಲ್ಲವ್ವಾ, ನನ್ನ ಹೊಟ್ಟಿ ಕೊಯ್ಯೂ ಮುಂದ ಆ ಡಾಕ್ಟರಮ್ಮಗ ಎಲ್ಲಾ ಗೊತ್ತಿತ್ತೇನು?”

ಶಿವಗಂಗಾ ಇಲ್ಲವೆಂದಳು. ಎರಡರಲ್ಲಿ ಒಂದು ಎಂದಿದ್ದರೆಂದು ಅವಳಿಗೂ ನೆನಪಿತ್ತು.

“ಗೊತ್ತಿಲ್ಲಂತ ಆಕಿ ಕೈ ಕಟ್ಟಿ ಕುಂತಿದ್ರ? ನಾ ಇವತ್ತು ಮೆಂತೆಪಲ್ಯ ಸೋಸ್ತಿದ್ನೇನು? ನೀ ಜ್ವರಾ ನೋಡಿ ಬರಿಯೂ ಕೆಲಸದಾಗ ಇರಬೇಕಂತಿದ್ರ ಖಾಲಿ ಬಿಡು. ಆ ಕಡೀ ಡಾಕ್ಟರ ಕುರ್ಚಿ ಬೇಕಂದ್ರ ಅರ್ಧಾ ಗೊತ್ತಿದ್ದಾಗೂ ಒಂದು ಹೇಳಬೇಕಾಗ್ತದ. ಅದು ಸುಳ್ಳಲ್ಲ. ಅದರ ಕೆಲಸನೇ ಅದು.”

ಶಿವಗಂಗಾ ಪುಸ್ತಕ ಮಡಚಿಕೊಂಡು ಹೊರಟುಹೋದಳು. ಮರುದಿನ ಈ ಮಾತನ್ನು ಡಾಕ್ಟರ್ ಅಹಲ್ಯಾ ಅವರ ಮುಂದೆ ಇಟ್ಟಳಂತೆ. ಅವರು ನಕ್ಕು, ನಿಮ್ಮ ಮಾಸ್ತರ ಮನೆಯ ಅಮ್ಮಾರು ಹೇಳಿದ್ದು ಸರಿ, ಆದರೆ ಕಣ್ಣು ಮುಚ್ಚಿ ಯಾರೂ ಕೊಯ್ಯುವುದಿಲ್ಲ, ಯಾವುದು ಅಲ್ಲವೆಂದು ಒಂದೊಂದಾಗಿ ತೆಗೆದುಹಾಕುತ್ತ ಬಂದು ಉಳಿದುದನ್ನು ನಂಬುತ್ತೇವೆ ಎಂದು ವಿವರಿಸಿದರಂತೆ. ಅಂದಿನಿಂದ ನಮ್ಮ ಸಂಜೆಯ ಅಭ್ಯಾಸದ ಕ್ರಮ ಬದಲಾಯಿತು. ಗೊತ್ತಿಲ್ಲದ ಪ್ರಶ್ನೆ ಬಂದರೆ, ನಾಲ್ಕರಲ್ಲಿ ಯಾವುದು ಅಲ್ಲ, ಏಕೆ ಅಲ್ಲ ಎಂದು ಅವಳು ನನಗೆ ಬಾಯಿಬಿಟ್ಟು ಹೇಳಬೇಕು. ಮೂರನ್ನು ಹೊಡೆದುಹಾಕಿದಾಗ ಉಳಿದದ್ದು ಬಹಳ ಸಲ ಸರಿಯಾಗಿರುತ್ತಿತ್ತು. ತನಗೆ ಗೊತ್ತಿಲ್ಲವೆಂದು ಬಿಟ್ಟಿದ್ದರಲ್ಲಿ ಅರ್ಧದಷ್ಟು ತನಗೆ ಗೊತ್ತೇ ಇತ್ತು ಎಂಬುದು ಅವಳಿಗೆ ತಿಳಿದದ್ದು ಆಗ. ಒಂದನ್ನೂ ಹೊಡೆದುಹಾಕಲು ಬಾರದಿದ್ದರೆ ಏನು ಮಾಡಲಿ ಎಂದು ಒಂದು ದಿನ ಕೇಳಿದಳು. ಅಂಥವನ್ನು ದೇವರು ಮೈಲಾರಲಿಂಗನಿಗೆ ಬಿಡು ಎಂದು ಗುಣವತಿ ಅಡುಗೆಮನೆಯಿಂದ ಕೂಗಿದಳು.

ಮೇ ತಿಂಗಳಲ್ಲಿ ಅವಳು ಎರಡನೆಯ ಸಲ ಪರೀಕ್ಷೆಗೆ ಕುಳಿತಳು. ಮೈಲಾರಲಿಂಗನ ಪಾಲಿಗೆ ಹೋದವು ಏಳು ಪ್ರಶ್ನೆಗಳಂತೆ. ಏಳಕ್ಕೂ ಮೂರನೆಯ ವೃತ್ತವನ್ನೇ ತುಂಬಿದೆ, ತುಂಬುವಾಗ ಬೆವರು ಬಂತು ಎಂದು ಹೇಳಿದಳು. ಒಂದೂ ಖಾಲಿ ಉಳಿದಿರಲಿಲ್ಲ.

ಫಲಿತಾಂಶ ಬಂದ ದಿನ ಪಾಳಿ ಮುಗಿಸಿದವಳೇ ಉಡುಪನ್ನೂ ಬದಲಿಸದೆ ಬಸ್ಸು ಹತ್ತಿ ಬಂದಳು. ನಾನು ಬಾಗಿಲಲ್ಲಿಯೇ ಇದ್ದೆ. ನನ್ನನ್ನು ದಾಟಿಕೊಂಡು ಒಳಗೆ ಹೋಗಿ ಮೊದಲು ಗುಣವತಿಗೆ ಹೇಳಿದಳು. ಕೌನ್ಸೆಲಿಂಗಿನಲ್ಲಿ ವರಂಗಲ್ಲಿನ ಸರಕಾರಿ ವೈದ್ಯಕೀಯ ಕಾಲೇಜು ಸಿಕ್ಕಿತು. ಮೇಟ್ರನ್ ಅವಳನ್ನು ವಾರ್ಡಿನ ನಡುವೆ ಕುರ್ಚಿ ಹಾಕಿ ಕೂರಿಸಿ ಎಲ್ಲರ ಕೈಯಿಂದಲೂ ಮಿಠಾಯಿ ತಿನ್ನಿಸಿದರಂತೆ. ಅಮರಯ್ಯ ತಾನೇ ಬೇಗಂ ಬಜಾರಿಗೆ ಹೋಗಿ ಹಾಸ್ಟೆಲಿಗೆಂದು ಒಂದು ಬಕೆಟ್, ಒಂದು ಟ್ರಂಕು, ಸ್ಟೀಲಿನ ಡಬ್ಬಿಗಳು ಎಲ್ಲವನ್ನೂ ತಂದ. ಅಂಗಡಿಯವನಿಗೂ ಇದು ಡಾಕ್ಟರ್ ಓದುವವರ ಟ್ರಂಕು, ಬೀಗ ಗಟ್ಟಿ ಇರಲಿ ಎಂದು ಹೇಳಿ ಬಂದಿದ್ದ.

ಕಾಲೇಜಿನಲ್ಲಿ ಹುಡುಗಿಯರೆಲ್ಲ ಅವಳನ್ನು ಅಕ್ಕ ಎಂದರು. ಎರಡನೆಯ ವರ್ಷ ವಾರ್ಡಿಗೆ ಹೋದ ಮೊದಲ ದಿನ ಪ್ರೊಫೆಸರರು ಒಳಗೆ ಬಂದ ಕೂಡಲೇ ಇವಳು ರೋಗಿಯ ಹಾಳೆ ಹಿಡಿದು ಮಂಚದ ಕಾಲಿನ ಕಡೆ ಹೋಗಿ ನಿಂತಳಂತೆ. ಅವರು ತೋಳು ಹಿಡಿದು ರೋಗಿಯ ಬಲಗಡೆಗೆ ತಂದು ನಿಲ್ಲಿಸಿ, ಇನ್ನು ಮೇಲೆ ನಿನ್ನ ಜಾಗ ಇದು ಎಂದರು. ಈ ಸಂಗತಿಯನ್ನು ಅವಳು ಪತ್ರದಲ್ಲಿ ಬರೆದಿದ್ದಳು. ನಾನು ಗುಣವತಿಗೆ ಓದಿ ಹೇಳಿದೆ. ಅವಳು ಮತ್ತೊಮ್ಮೆ ಓದಿಸಿದಳು.

ಓದು ಮುಗಿದ ಮೇಲೆ ಸರಕಾರಿ ಕೆಲಸಕ್ಕೆ ಸೇರಿದಳು. ಪ್ರಯೋಗಾಲಯದಲ್ಲಿ ಕೆಲಸ ಮಾಡುವ ಶ್ರೀನಿವಾಸ ಎಂಬ ಸಜ್ಜನನನ್ನು ಮದುವೆಯಾದಳು. ಲಹರಿ ಎಂಬ ಮಗಳಿದ್ದಾಳೆ. ನಾನು ಮೂವತ್ತಮೂರು ವರ್ಷ ಮಾಸ್ತರಿಕೆ ಮಾಡಿದೆ. ಕಲಿಸಿದ್ದರಲ್ಲಿ ಎಷ್ಟು ಸರಿ, ಎಷ್ಟು ತಪ್ಪು ಎಂದು ಈ ವಯಸ್ಸಿನಲ್ಲಿ ಯೋಚನೆ ಬರುತ್ತದೆ. ನನ್ನ ತಪ್ಪು ಒಂದು ಮಗುವಿನ ಬಾಳಿಗೆ ಅಡ್ಡ ಬಾರದಂತೆ ನೋಡಿಕೊಂಡವರು ಇಷ್ಟು ಜನ ಇದ್ದರು. ಅವರೆಲ್ಲರಿಗೂ, ಪಲ್ಯ ಸೋಸುತ್ತ ಕುಳಿತವಳಿಗೂ, ನಾನು ಋಣಿ.

ಈಗ ಶಿವಗಂಗಾ ನಗರದ ಪಶ್ಚಿಮದ ಅಂಚಿನಲ್ಲಿ, ಮಿಯಾಪುರದ ಆಚೆ, ಒಂದು ಸರಕಾರಿ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿ. ಗಾಜಿನ ದೊಡ್ಡ ಕಟ್ಟಡಗಳನ್ನು ಕಟ್ಟಲು ಬಂದ ನಮ್ಮ ಕಡೆಯವರು ಅಲ್ಲಿ ತಗಡಿನ ಶೆಡ್ಡುಗಳಲ್ಲಿ ಇದ್ದಾರೆ. ಕನ್ನಡ ಮಾತಾಡುವ ಡಾಕ್ಟರಮ್ಮ ಇದ್ದಾರೆಂದು ಅವರು ಎರಡು ಬಸ್ಸು ಬದಲಿಸಿ ಬರುತ್ತಾರೆ. ಕಳೆದ ತಿಂಗಳು ಅಲ್ಲಿ ಜ್ವರ ಹರಡಿದಾಗ ಗುತ್ತಿಗೆದಾರನ ಬೆನ್ನು ಹತ್ತಿ ನೀರಿನ ತೊಟ್ಟಿಗಳನ್ನೆಲ್ಲ ತೊಳೆಸಿದಳು. ಪ್ರತಿ ಶನಿವಾರ ಆ ಶೆಡ್ಡುಗಳಿಗೆ ಹೋಗಿ ಬಸುರಿ ಹೆಂಗಸರನ್ನೂ ಕೂಸುಗಳನ್ನೂ ನೋಡುತ್ತಾಳೆ. ಕೂಸಿಗೆ ಲಸಿಕೆಯ ಸೂಜಿ ಹಾಕಿಸಲು ಕೆಲವು ತಾಯಂದಿರು ಇನ್ನೂ ಒಪ್ಪುತ್ತಿಲ್ಲವಂತೆ. ಡಾಕ್ಟರು ಹೇಳಿದರೆ ಕೇಳದವರು ವಯಸ್ಸಾದವರು ಹೇಳಿದರೆ ಕೇಳಬಹುದು, ಈ ಶನಿವಾರ ಅಮ್ಮಾರನ್ನು ನನ್ನ ಜೊತೆ ಕಳಿಸಿರಿ ಎಂದು ನಿನ್ನೆ ಫೋನ್ ಮಾಡಿದ್ದಳು. ನಾಳೆ ಬೆಳಗ್ಗೆ ಏಳಕ್ಕೆ ಜೀಪು ಬರುತ್ತದೆ. ಗುಣವತಿ ಇವತ್ತೇ ಇಳಕಲ್ ಸೀರೆಯನ್ನು ತೆಗೆದಿಟ್ಟು, ನಡೆಯಲು ಅನುಕೂಲವಾದ ಚಪ್ಪಲಿಗಾಗಿ ಮಂಚದ ಕೆಳಗೆ ಹುಡುಕುತ್ತಿದ್ದಾಳೆ.